ಸ್ಪ್ಯಾನಿಷ್ ಅಲರ್ಜಿ ಕಾರ್ಡು: ಸ್ಪೇನಿಗೇ ಬೇರೆ, ಮೆಕ್ಸಿಕೊಗೇ ಬೇರೆ

ಹೋಟೆಲಿನಲ್ಲಿ ತೋರಿಸಲೆಂದು ಸ್ಪ್ಯಾನಿಷ್‌ನಲ್ಲಿ ಅಚ್ಚು ಹಾಕಿ ಮಾರುವ ಅಲರ್ಜಿ ಕಾರ್ಡುಗಳು ಖಂಡಿತ ಕೊಳ್ಳುವಂಥವೇ. ಬಾಯಲ್ಲಿ ಹೇಳಿದ್ದು ವೇಟರ್‌ನಿಂದ ಅಡುಗೆಮನೆಗೆ ದಾಟುವಷ್ಟರಲ್ಲಿ ಅರ್ಧ ಉದುರಿಹೋಗುತ್ತದೆ; ಕಾರ್ಡಾದರೆ ಒಲೆಯ ಮುಂದೆ ನಿಂತವರ ಕೈಗೇ ಸೇರುತ್ತದೆ. ಆದರೆ ಎಲ್ಲ ಸ್ಪ್ಯಾನಿಷ್ ದೇಶಗಳಿಗೂ ಒಂದೇ ಕಾರ್ಡು ಸಾಕು ಎಂದರೆ ನಂಬಬೇಡಿ.

ಕಡಲೆಕಾಯಿಯನ್ನೇ ತೆಗೆದುಕೊಳ್ಳಿ. ಸ್ಪೇನಿನಲ್ಲಿ ಅದು ‘ಕಕಾವೆತೆ’, ಮೆಕ್ಸಿಕೊದಲ್ಲಿ ‘ಕಕಾವಾತೆ’, ಪೆರು, ಅರ್ಜೆಂಟೀನಾಗಳಲ್ಲಿ ‘ಮನೀ’. ‘ಮಾಂತೇಕಾ’ ಎಂದರೆ ಅರ್ಜೆಂಟೀನಾದಲ್ಲಿ ಬೆಣ್ಣೆ, ಮೆಕ್ಸಿಕೊದಲ್ಲಿ ಹಂದಿಕೊಬ್ಬು. ಇನ್ನೂ ಅಪಾಯದ್ದು ‘ನ್ವೆಸ್’. ಬಾದಾಮಿ, ಗೋಡಂಬಿಯಂಥ ಬೀಜಗಳೆಲ್ಲಕ್ಕೂ ಇದೊಂದೇ ಪದ ಹಾಕಿದ ಕಾರ್ಡನ್ನು ಸ್ಪೇನಿನಲ್ಲಿ ಕೊಟ್ಟರೆ ಓದುವವರಿಗೆ ಅಕ್ರೋಟು ಮಾತ್ರ ನೆನಪಾಗುತ್ತದೆ. ರೊಮೆಸ್ಕೊ ಸಾಸಿನಲ್ಲಿ ಅರೆದು ಹಾಕಿದ ಬಾದಾಮಿ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಇಂಥ ಬೀಜಗಳೆಲ್ಲಕ್ಕೂ ಸಲ್ಲುವ ‘ಫ್ರುತೊಸ್ ಸೆಕೊಸ್’ ಎಂದಿರಬೇಕು, ಕೆಳಗೆ ಒಂದೊಂದು ಬೀಜದ ಹೆಸರೂ ಇರಬೇಕು.

ಹಾಲಿನ ಅಲರ್ಜಿಗೆ ‘ಸಿನ್ ಲಾಕ್ತೊಸಾ’, ಅಂದರೆ ಲ್ಯಾಕ್ಟೋಸ್ ಇಲ್ಲದ್ದು, ಎಂದು ಬರೆದ ಕಾರ್ಡು ಕೈಗೆ ಬಂದರೆ ಹಿಂದಿರುಗಿಸಿ. ಲ್ಯಾಕ್ಟೋಸ್ ಇಲ್ಲದ ಹಾಲಿನಲ್ಲಿ ಒಡೆದಿರುವುದು ಹಾಲಿನ ಸಕ್ಕರೆ ಮಾತ್ರ. ಅಲರ್ಜಿ ತರುವ ಪ್ರೋಟೀನು ಹಾಗೇ ಇರುತ್ತದೆ. ಬೇಕಾದ ಮಾತು ‘ಅಲೆರ್ಹಿಯಾ ಆ ಲಾ ಪ್ರೊತೆಯೀನಾ ದೆ ಲಾ ಲೆಚೆ’, ಅಂದರೆ ಹಾಲಿನ ಪ್ರೋಟೀನಿಗೆ ಅಲರ್ಜಿ.

ಬಹಳಷ್ಟು ಕಾರ್ಡುಗಳು ಪದಾರ್ಥಗಳ ಪಟ್ಟಿಗೇ ನಿಂತುಬಿಡುತ್ತವೆ, ಎಣ್ಣೆಯ ಮಾತೇ ಇರುವುದಿಲ್ಲ. ಆಲೂಗಡ್ಡೆ ಕರಿಯುವ ಬಾಣಲೆಯಲ್ಲೇ ಗೋಧಿಹಿಟ್ಟಿನಲ್ಲಿ ಹೊರಳಿಸಿದ ಮೀನು, ಹಾಲುಮೊಟ್ಟೆ ಬೆರೆತ ಕ್ರೊಕೆತಾ ಎಂಬ ಕರಿದ ತಿಂಡಿ ಎಲ್ಲವೂ ಬೆಂದಿರಬಹುದು. ‘ಸೆ ಫ್ರೀಯೆ ಎನ್ ಎಲ್ ಮಿಸ್ಮೊ ಅಸೆಯ್ತೆ?’, ಅಂದರೆ ಅದೇ ಎಣ್ಣೆಯಲ್ಲಿ ಕರಿಯುತ್ತೀರಾ, ಎಂಬ ಸಾಲು ಇಲ್ಲದಿದ್ದರೆ ನೀವೇ ಬರೆದು ಅಂಟಿಸಿ.

ನನಗೆ ಅಲರ್ಜಿಯಿದೆ ಎನ್ನಲು ‘ಸೊಯ್ ಅಲೆರ್ಹಿಕೊ’ ಗಂಡಸರ ಮಾತು, ಹೆಂಗಸರದು ‘ಅಲೆರ್ಹಿಕಾ’. ‘ತೆಂಗೊ ಅಲೆರ್ಹಿಯಾ ಆ...’ ಎಂದಿದ್ದರೆ ಇಬ್ಬರಿಗೂ ಸರಿ. ಹದಿನಾಲ್ಕು ಅಲರ್ಜಿಕಾರಕಗಳ ಚಿತ್ರ ಮುದ್ರಿಸಿ ಟಿಕ್ ಹಾಕಲು ಬಿಟ್ಟ ಕಾರ್ಡು ನೋಡಲು ಚೆಂದ, ಅವಸರದ ಅಡುಗೆಮನೆಯಲ್ಲಿ ಕಣ್ಣು ತಪ್ಪುತ್ತದೆ. ನಿಮಗೆ ಆಗದ್ದನ್ನಷ್ಟೇ ದಪ್ಪಕ್ಷರದಲ್ಲಿ ಹಾಕಿದ್ದೇ ಮೇಲು.

ಸ್ಪೇನಿನಲ್ಲಿ ಕಾರ್ಡಿನ ಜೊತೆಗೆ ‘ಕಾರ್ತಾ ದೆ ಅಲೆರ್ಹೆನೊಸ್’, ಅಂದರೆ ಅಲರ್ಜಿಕಾರಕಗಳ ಪಟ್ಟಿ, ಇದೆಯೇ ಎಂದೂ ಕೇಳಿ. ಐರೋಪ್ಯ ಒಕ್ಕೂಟದ 1169/2011ನೇ ನಿಯಮದ ಪ್ರಕಾರ 2014ರ ಡಿಸೆಂಬರಿನಿಂದ ಹೋಟೆಲುಗಳೂ 14 ಅಲರ್ಜಿಕಾರಕಗಳ ಮಾಹಿತಿ ಕೊಡಲೇಬೇಕು.

ಕಾರ್ಡಿನ ಹಿಂಬದಿ ಖಾಲಿಯಿದ್ದರೆ ಅಲ್ಲಿ ತುರ್ತು ಸಂಖ್ಯೆ ಬರೆಯಿರಿ: ಸ್ಪೇನಿಗೆ 112, ಮೆಕ್ಸಿಕೊಗೆ 911. ಅದರ ಕೆಳಗೆ ‘ಅದ್ರೆನಲೀನಾ’ (ಅಲರ್ಜಿ ತೀವ್ರವಾದಾಗ ಚುಚ್ಚುವ ಔಷಧಿ) ಎಂದೂ, ನಿಮ್ಮ ಇಂಜೆಕ್ಷನ್ ಪೆನ್ನು ಚೀಲದ ಯಾವ ಜೇಬಿನಲ್ಲಿದೆ ಎಂದೂ ಸ್ಪ್ಯಾನಿಷ್‌ನಲ್ಲೇ ಇರಲಿ.