ಮನೆಯ ಕಾಕ್‌ಪಿಟ್: ಮೊದಲು ಪೆಡಲೋ, ಪರದೆಯೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಈಗ ಕಂಪ್ಯೂಟರಿನಲ್ಲಿ ವಿಮಾನ ಹಾರಿಸಲು ಒಂದು ಕಾಕ್‌ಪಿಟ್ ಇದೆ. ಅದರ ಒಂದೊಂದು ಭಾಗಕ್ಕೂ ಎರಡು ಮೂರು ದಾರಿಗಳಿವೆ. ಕೆಲವನ್ನು ಕೊಂಡೆ, ಕೆಲವನ್ನು ಗೆಳೆಯರಿಂದ ತಂದೆ, ಕೆಲವನ್ನು ಆಚಾರಿಯವರಿಂದ ಮಾಡಿಸಿದೆ. ಎಲ್ಲದಕ್ಕೂ ಒಂದೇ ಪರೀಕ್ಷೆ ಇಟ್ಟುಕೊಂಡೆ: ಮಂಗಳೂರಿನ ಬಜ್ಪೆಯ 24 ಎಂಬ ರನ್‌ವೇಯಲ್ಲಿ (24 ಅಂದರೆ ಸುಮಾರು 240 ಡಿಗ್ರಿ, ನೈಋತ್ಯ ದಿಕ್ಕು) ಸರಿಯಾಗಿ ಇಳಿಯುವುದು.

ಬಜ್ಪೆಯೇ ಯಾಕೆ ಅಂದರೆ, ಅದು ನಮಗೆ ಹತ್ತಿರದ ವಿಮಾನ ನಿಲ್ದಾಣ. ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ ರನ್‌ವೇ. ಉದ್ದ 2,450 ಮೀಟರ್. ತುದಿ ದಾಟಿದರೆ ಕಣಿವೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಇದೇ 24ರಲ್ಲಿ ಇಳಿಯಿತು. ಎತ್ತರ ಜಾಸ್ತಿ ಇಟ್ಟುಕೊಂಡು ಬಂದಿತ್ತು. ಚಕ್ರ ನೆಲ ಮುಟ್ಟುವಾಗ ರನ್‌ವೇಯ ಸುಮಾರು 1,600 ಮೀಟರ್ ಹಿಂದೆ ಹೋಗಿಯಾಗಿತ್ತು. ತುದಿ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಹಾಗಾಗಿ ಈ ರನ್‌ವೇ ನನಗೆ ಬರೀ ಆಟದ ವಿಷಯ ಅಲ್ಲ. ಎತ್ತರ, ವೇಗ, ಇಳಿಯುವ ದರ, ಮೂರೂ ಹಿಡಿತದಲ್ಲಿರಬೇಕು. ಆ ಹಿಡಿತವನ್ನು ಯಾವುದು ಕೊಡುತ್ತದೋ ಅದಕ್ಕೆ ನನ್ನ ಓಟು.

ಮೊದಲು ಕಾಲಿನ ವಿಷಯ. ಹೆಚ್ಚಿನವರು ಪೆಡಲನ್ನು ಕೊನೆಗೆ ಕೊಳ್ಳುತ್ತಾರೆ. ನನ್ನ ಪ್ರಕಾರ ಅದೇ ಮೊದಲು ಬರಬೇಕು. ವಿಮಾನದ ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಬಾಲದ ಹಲಗೆಯೇ ರಡ್ಡರ್, ಅದನ್ನು ಆಡಿಸುವುದು ಪೆಡಲ್. ಪೆಡಲ್ ಇಲ್ಲದಿದ್ದರೆ ಜಾಯ್‌ಸ್ಟಿಕ್ಕನ್ನೇ ತಿರುಚಿ ರಡ್ಡರ್ ಕೊಡಬಹುದು. ಆದರೆ ಮಣಿಗಂಟು ತಿರುಚುವಾಗ ಕೈ ಸ್ವಲ್ಪ ಪಕ್ಕಕ್ಕೂ ವಾಲುತ್ತದೆ, ರೆಕ್ಕೆಯೂ ಅದರ ಜೊತೆಗೆ ವಾಲುತ್ತದೆ. ಬಜ್ಪೆಯಲ್ಲಿ ಮಧ್ಯಾಹ್ನದ ಕಡಲ ಗಾಳಿ ಪಶ್ಚಿಮದಿಂದ ಬೀಸಿದರೆ 24ರಲ್ಲಿ ಇಳಿಯುವವನಿಗೆ ಅದು ಬಲಗಡೆಯಿಂದ ಓರೆಯಾಗಿ ಹೊಡೆಯುತ್ತದೆ. ಮೂಗನ್ನು ಗಾಳಿಯ ಕಡೆಗೆ ಸ್ವಲ್ಪ ತಿರುಗಿಸಿಕೊಂಡೇ ಬರಬೇಕು. ನೆಲ ಮುಟ್ಟುವ ಸ್ವಲ್ಪ ಮೊದಲು ಎಡ ಪೆಡಲ್ ಒತ್ತಿ ಮೂಗನ್ನು ನೇರ ಮಾಡಬೇಕು. ಅದೇ ಹೊತ್ತಿಗೆ ಬಲ ರೆಕ್ಕೆಯನ್ನು ಗಾಳಿಗೆ ಒಂದಿಷ್ಟು ತಗ್ಗಿಸಬೇಕು. ಕೈ ಕಾಲು ಎರಡೂ ಒಟ್ಟಿಗೆ ಬೇರೆ ಬೇರೆ ಕೆಲಸ ಮಾಡಬೇಕು. ತಿರುಚುವ ಜಾಯ್‌ಸ್ಟಿಕ್ಕಿನಲ್ಲಿ ಇದು ಮನಸ್ಸಿಗೆ ಹಿಡಿಸುವಂತೆ ಆಗುವುದೇ ಇಲ್ಲ.

ಪೆಡಲ್‌ನಲ್ಲಿ ಅಂಗಡಿಯದ್ದನ್ನೂ ಮನೆಯಲ್ಲಿ ಮಾಡಿದ್ದನ್ನೂ ಬಳಸಿದ್ದೇನೆ. ಅಂಗಡಿಯದ್ದು ಹಗುರ. ನುಣುಪು ನೆಲದ ಮೇಲೆ ಜಾರುತ್ತದೆ, ಹಲಗೆಗೆ ಸ್ಕ್ರೂ ಹಾಕಿ ಕೂರಿಸಲೇಬೇಕು. ಒಳಗೆ ಉಜ್ಜುತ್ತಾ ತಿರುಗಿ ಚಲನೆ ಅಳೆಯುವ ಪೊಟೆನ್ಶಿಯೋಮೀಟರ್ ಇದ್ದರೆ ಧೂಳು, ಸವೆತ ಎರಡರ ಕಾಟವೂ ಇದೆ. ಕಾಲು ಅಲ್ಲಾಡಿಸದಿದ್ದರೂ ಪರದೆಯ ಮೇಲೆ ರಡ್ಡರ್ ನಡುಗಲು ಶುರುವಾಗುತ್ತದೆ. ಆಚಾರಿಯವರು ಮಾಡಿಕೊಟ್ಟದ್ದು ಹಲಸಿನ ಹಲಗೆಯದ್ದು. ಒಂದು ಪೆಡಲ್ ಮುಂದೆ ಹೋದರೆ ಇನ್ನೊಂದು ಹಿಂದೆ ಬರುವ ಹಾಗೆ ನಡುವೆ ಒಂದು ಅಡ್ಡಪಟ್ಟಿ ಇದೆ. ಅದು ತಿರುಗುವ ಜಾಗದಲ್ಲಿ ಒಂದು ಅಯಸ್ಕಾಂತ, ಪಕ್ಕದಲ್ಲಿ ಅದರ ಚಲನೆಯನ್ನು ಮುಟ್ಟದೆಯೇ ಅಳೆಯುವ ಹಾಲ್ ಸೆನ್ಸರ್. ಉಜ್ಜುವ ಭಾಗವೇ ಇಲ್ಲದ ಕಾರಣ ಸವೆಯುವ ಪ್ರಶ್ನೆ ಇಲ್ಲ. ವಯರುಗಳು ಆರ್ಡುಯಿನೋ ಪ್ರೊ ಮೈಕ್ರೋ ಎಂಬ ಒಂದು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ ಹೋಗುತ್ತವೆ. ಕಂಪ್ಯೂಟರ್ ಅದನ್ನು ಜಾಯ್‌ಸ್ಟಿಕ್ ಅಂತಲೇ ಗುರುತಿಸುತ್ತದೆ. ಕಾಲ್ಬೆರಳ ತುದಿಯಿಂದ ಒತ್ತುವ ಬ್ರೇಕ್ ಇದರಲ್ಲಿಲ್ಲ, ಅದು ಬೇಕಾದವರಿಗೆ ಅಂಗಡಿಯದ್ದೇ ಸುಲಭ. ಆದರೂ ಹಲಸಿನ ಪೆಡಲಿನ ತೂಕ, ಅದು ಕಾಲಿಗೆ ಕೊಡುವ ಎದುರುಒತ್ತು ನನಗೆ ಜಾಸ್ತಿ ಇಷ್ಟವಾಯಿತು.

ಕೈಗೆ ಯೋಕ್ (ಸ್ಟಿಯರಿಂಗಿನಂಥ ಹಿಡಿ) ಬೇಕೋ ಜಾಯ್‌ಸ್ಟಿಕ್ ಬೇಕೋ ಎನ್ನುವುದಕ್ಕೆ ಉತ್ತರ ನೀವು ಹಾರಿಸುವ ವಿಮಾನದಲ್ಲೇ ಇದೆ. ಏರ್‌ಬಸ್ 320ಕ್ಕೆ ಪಕ್ಕದಲ್ಲಿ ಸ್ಟಿಕ್, ಬೋಯಿಂಗ್ 737ಕ್ಕೂ ಪುಟ್ಟ ವಿಮಾನ ಸೆಸ್ನಾ 172ಕ್ಕೂ ಎದುರಿಗೆ ಯೋಕ್. ನಾನು ಹೆಚ್ಚಾಗಿ ಸೆಸ್ನಾ ಹಾರಿಸುವವನು, ಯೋಕ್ ಹಿಡಿದೆ. ಯೋಕ್‌ನಲ್ಲೂ ವ್ಯತ್ಯಾಸ ಇದೆ. ಲಾಜಿಟೆಕ್‌ನದ್ದು ಒಟ್ಟು 90 ಡಿಗ್ರಿ ತಿರುಗುತ್ತದೆ, ಹನಿಕೋಂಬ್ ಆಲ್ಫಾ 180 ಡಿಗ್ರಿ. ಸಂಖ್ಯೆ ನೋಡುವಾಗ ಸಣ್ಣ ವಿಷಯ ಅನ್ನಿಸಬಹುದು. ಇಳಿಯುವ ಹೊತ್ತಿಗೆ ಕೂದಲೆಳೆಯಷ್ಟು ತಿದ್ದಬೇಕಾದಾಗ ದೊಡ್ಡ ತಿರುಗು ಇದ್ದರೆ ಕೈಗೆ ಜಾಗ ಸಿಗುತ್ತದೆ. ಹಣ ಕಡಿಮೆ ಇದ್ದರೆ ಹಾಲ್ ಸೆನ್ಸರ್ ಇರುವ ಥ್ರಸ್ಟ್‌ಮಾಸ್ಟರ್ ಟಿ.16000ಎಂ ಜಾಯ್‌ಸ್ಟಿಕ್ ಸಾಕು. ಅದನ್ನು ಎಡಗೈಗೂ ಹೊಂದಿಸಬಹುದು. ಏರ್‌ಬಸ್‌ನ ಕ್ಯಾಪ್ಟನ್ ಹಿಡಿಯುವುದೂ ಎಡಗೈಯಲ್ಲೇ ಅಲ್ವಾ?

ಕಣ್ಣಿನ ವಿಷಯದಲ್ಲಿ ಜಗಳ ಜೋರು. ಮೂರು ಮಾನಿಟರ್, ಕಣ್ಣನ್ನು ಪೂರ್ತಿ ಮುಚ್ಚಿ ಸುತ್ತಲೂ ದೃಶ್ಯ ತೋರಿಸುವ ವಿಆರ್ ಕನ್ನಡಕ, ಒಂದೇ ಮಾನಿಟರ್ ಜೊತೆ ತಲೆ ಗುರುತಿಸುವ ಸಾಫ್ಟ್‌ವೇರ್. ಮೂರನ್ನೂ ನೋಡಿದೆ.

27 ಇಂಚಿನ ಮಾನಿಟರ್ ಸುಮಾರು 60 ಸೆಂಟಿಮೀಟರ್ ಅಗಲ. 70 ಸೆಂಟಿಮೀಟರ್ ದೂರ ಕುಳಿತರೆ ಕಣ್ಣಿಗೆ ಅದು ಬರೀ 46 ಡಿಗ್ರಿಯ ಕಿಟಕಿ. ಅದರಲ್ಲಿ ಜಾಸ್ತಿ ತೋರಿಸಲು ಹೋದರೆ ಎಲ್ಲವೂ ಚಿಕ್ಕದಾಗುತ್ತದೆ, ರನ್‌ವೇ ಇರುವುದಕ್ಕಿಂತ ದೂರ ಅನ್ನಿಸುತ್ತದೆ. ಅದೇ ಅಳತೆಯ ಮೂರನ್ನು ಮಡಚಿ ಇಟ್ಟರೆ ಹತ್ತಿರ ಹತ್ತಿರ 140 ಡಿಗ್ರಿ. ಮಂಜೇಶ್ವರ, ಉಳ್ಳಾಲ ದಾಟಿ, ನೇತ್ರಾವತಿಯ ಅಳಿವೆ ನೋಡಿ, ಒಳನಾಡಿಗೆ ತಿರುಗಿ, ರನ್‌ವೇಯನ್ನು ಎಡಕ್ಕೆ ಇಟ್ಟುಕೊಂಡು ಈಶಾನ್ಯಕ್ಕೆ ಹೋಗುವಾಗ ಎಡಗಡೆಯ ಮಾನಿಟರ್ ಎಷ್ಟು ಉಪಕಾರಿ ಅಂತ ಗೊತ್ತಾಗುತ್ತದೆ. ಎಲ್ಲಿ ತಿರುಗಬೇಕು ಅಂತ ಕಣ್ಣೇ ಹೇಳುತ್ತದೆ. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ಕೋಣೆ ಬಿಸಿಯಾಗುತ್ತದೆ.

ವಿಆರ್‌ನಲ್ಲಿ ಸಿಗುವ ಆಳ ಬೇರೆ ಯಾವುದರಲ್ಲೂ ಇಲ್ಲ. ಕಣಿವೆಯ ಮೇಲಿಂದ ಬರುವಾಗ ನೆಲ ತುಂಬಾ ಕೆಳಗಿರುತ್ತದೆ, ಗುಡ್ಡದ ಅಂಚು ಬಂದ ಕೂಡಲೇ ಒಮ್ಮೆಲೇ ಕಾಲ ಬುಡಕ್ಕೆ ಏರಿ ಬರುತ್ತದೆ. ಅದನ್ನು ಮೈಯಲ್ಲೇ ಅನುಭವಿಸಿದ್ದು ವಿಆರ್‌ನಲ್ಲಿ ಮಾತ್ರ. ಹಾಗಿದ್ದೂ ನಾನು ಅದನ್ನು ದಿನದ ಬಳಕೆಗೆ ಇಟ್ಟುಕೊಳ್ಳಲಿಲ್ಲ. ಕೈಯಾರೆ ಕೂರಿಸಿದ ಸ್ವಿಚ್ಚುಗಳು ಕಾಣುವುದಿಲ್ಲ. ಏಪ್ರಿಲ್ ಸೆಕೆಯಲ್ಲಿ ಮುಖ ಬೆವರಿ ಗಾಜು ಮಬ್ಬಾಗುತ್ತದೆ. ಒಂದೇ ಮಾನಿಟರ್ ಇದ್ದವರು ಓಪನ್‌ಟ್ರ್ಯಾಕ್ ಹಾಕಿಕೊಳ್ಳಿ. ಉಚಿತ, ಸಾದಾ ವೆಬ್‌ಕ್ಯಾಮ್ ಸಾಕು. ತಲೆ ಸ್ವಲ್ಪ ತಿರುಗಿಸಿದರೆ ನೋಟ ಪೂರ್ತಿ ತಿರುಗುತ್ತದೆ. ಅಭ್ಯಾಸವಾಗಲು ಸ್ವಲ್ಪ ಹೊತ್ತು ಬೇಕು ಅಷ್ಟೆ.

ಚೌಕಟ್ಟಿಗೆ ನಮ್ಮ ಊರಿನಲ್ಲಿ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡವೇ ಬೇಡ. ಆಚಾರಿಯವರು ಮೊದಲೇ ಹೇಳಿದ್ದರು, "ಅಣ್ಣಾ, ಆಟಿ ತಿಂಗಳ ಮಳೆಗೆ ಅದು ಉಬ್ಬಿ ಬಿಡ್ತದೆ." ನೀರು ತಡೆಯುವ, ಐಎಸ್ 710 ಗುರುತು ಇರುವ ಪ್ಲೈವುಡ್ ಹಾಕಿಸಿದೆವು. ಕಬ್ಬಿಣ ಅಗ್ಗ, ಆದರೆ ತುಕ್ಕು. ಅಲ್ಯೂಮಿನಿಯಂ ಪ್ರೊಫೈಲ್ ಎಲ್ಲಕ್ಕಿಂತ ಚೆಂದ. ಬೋಲ್ಟ್ ಸಡಿಲಿಸಿ ಎತ್ತರ, ದೂರ ಬದಲಿಸಬಹುದು. ಬೆಲೆ ಮಾತ್ರ ಮೇಲೆ. ಸೀಟಿಗೆ ಗುಜರಿ ಅಂಗಡಿಯ ಹಳೇ ಕಾರ್ ಸೀಟೇ ಸರಿ. ಹಿಂದೆ ಮುಂದೆ ಜಾರಿಸುವ ಹಳಿ ಜೊತೆಗೇ ಬರುತ್ತದೆ, ಪೆಡಲಿಗೂ ಕಾಲಿಗೂ ಇರುವ ದೂರ ಅದರಿಂದಲೇ ಕೂಡಿ ಬರುತ್ತದೆ.

ಸ್ವಿಚ್ ಫಲಕಕ್ಕೆ ಆರ್ಡುಯಿನೋ ಮೆಗಾ ಬೋರ್ಡ್, ಜೊತೆಗೆ ಸ್ವಿಚ್ಚುಗಳನ್ನು ಆಟಕ್ಕೆ ಜೋಡಿಸುವ ಉಚಿತ ಸಾಫ್ಟ್‌ವೇರ್ ಮೊಬಿಫ್ಲೈಟ್. ರೆಡಿಮೇಡ್ ಫಲಕಕ್ಕಿಂತ ಇದರಲ್ಲಿ ಕೆಲಸ ಜಾಸ್ತಿ, ಆದರೆ ಫ್ಲಾಪಿನ (ಇಳಿಯುವಾಗ ರೆಕ್ಕೆಯ ಹಿಂದಿನಿಂದ ಕೆಳಗೆ ಬಾಗುವ ಪಟ್ಟಿ) ಸ್ವಿಚ್ ನಿಜವಾದ ಸೆಸ್ನಾದಲ್ಲಿ ಇರುವ ಜಾಗದಲ್ಲೇ ಇಡಬಹುದು.

ಇನ್ನು ಸಾಫ್ಟ್‌ವೇರ್. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024 ನೆಲದ ಚಿತ್ರಗಳನ್ನು ಅಂತರ್ಜಾಲದಿಂದ ತರಿಸಿಕೊಳ್ಳುತ್ತದೆ. ಮೇಲಿನಿಂದ ಬೇಕಲ ಕೋಟೆ, ಚಂದ್ರಗಿರಿ ಹೊಳೆ ನೋಡಬೇಕು ಅಂದರೆ ಅದೇ. ನೆಟ್ ನಿಧಾನವಾದರೆ ನೆಲ ಮಸುಕು. ಎಕ್ಸ್-ಪ್ಲೇನ್ 12 ಎಲ್ಲವನ್ನೂ ಡಿಸ್ಕಿನಲ್ಲೇ ಇಟ್ಟುಕೊಳ್ಳುತ್ತದೆ, ಮಳೆಗಾಲದಲ್ಲಿ ನೆಟ್ ಹೋದರೂ ಹಾರಬಹುದು. ರೆಕ್ಕೆಯನ್ನು ತುಂಡು ತುಂಡಾಗಿ ವಿಂಗಡಿಸಿ ಒಂದೊಂದರ ಮೇಲೂ ಗಾಳಿಯ ಬಲ ಲೆಕ್ಕ ಹಾಕುವುದು ಅದರ ಕ್ರಮ. ಓರೆಗಾಳಿಯ ಇಳಿತದಲ್ಲಿ ಅದರ ಸೆಸ್ನಾ ನನ್ನ ಪೆಡಲಿಗೆ ಹೆಚ್ಚು ನಂಬಿಕೆ ಹುಟ್ಟುವ ಹಾಗೆ ಉತ್ತರ ಕೊಟ್ಟಿತು. ನಮ್ಮಲ್ಲಿ ಅಭ್ಯಾಸಕ್ಕೆ ಎಕ್ಸ್-ಪ್ಲೇನ್, ಊರು ನೋಡಲು ಮೈಕ್ರೋಸಾಫ್ಟ್. ಒಂದನ್ನೇ ಕೊಳ್ಳುವವರು ಮನೆಗೆ ಫೈಬರ್ ಬಂದಿದೆಯಾ ನೋಡಿ. ಬಂದಿಲ್ಲದಿದ್ದರೆ ಎಕ್ಸ್-ಪ್ಲೇನ್‌ನ ಉಚಿತ ಡೆಮೊ ಇಳಿಸಿಕೊಂಡು ಮೊದಲು ಅದರಲ್ಲಿ ಹಾರಿಸಿ ನೋಡಿ.