ಹೊಸ ಮನೆಯ ಹಿತ್ತಲಿಗೆ ತಂದ ಬ್ರಷ್ ಕಟರ್

ತುಮಕೂರಿನ ಹೊಸ ಮನೆಗೆ ಬಂದಾಗ ಹಿತ್ತಲ ತುಂಬಾ ಸೊಂಟದೆತ್ತರ ಕಾಂಗ್ರೆಸ್ ಗಿಡ. ಬಾವಿಕಟ್ಟೆಯೇ ಕಾಣುತ್ತಿರಲಿಲ್ಲ. ಅದಕ್ಕೇ ಕಳೆ ಕತ್ತರಿಸುವ ಈ ಮೆಷಿನ್, ಫೋರ್ ಸ್ಟ್ರೋಕ್ ಎಂಜಿನ್ನಿನ ಬ್ರಷ್ ಕಟರ್ ತಗೊಂಡೆವು. ಪೆಟ್ರೋಲಿಗೆ ಆಯಿಲ್ ಬೆರೆಸುವ ತಾಪತ್ರಯ ಇಲ್ಲ, ಅದೇ ದೊಡ್ಡ ಸಮಾಧಾನ. ಹುಲ್ಲು ಕತ್ತರಿಸಲು ಮೆಷಿನ್ ತುದಿಯಲ್ಲಿ ತಿರುಗುವ ನೈಲಾನ್ ದಾರ ಸಾಕು. ಲಂಟಾನದ ಗಟ್ಟಿ ಕಾಂಡಕ್ಕೆ ಮೂರು ಹಲ್ಲಿನ ಬ್ಲೇಡೇ ಬೇಕು, ದಾರ ಸುಮ್ನೆ ಸವೆಯುತ್ತದೆ. ಕಲ್ಲು ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ಒಳಗೇ ಕೂರಿಸಿ.

ಆದರೆ ಕಾಂಗ್ರೆಸ್ ಗಿಡಕ್ಕೆ ಮೆಷಿನ್ ಒಂದೇ ಸಾಲದು. ಕತ್ತರಿಸಿದ ಬುಡ ಮತ್ತೆ ಚಿಗುರುತ್ತದೆ. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮೊದಲೇ ಬೇರುಸಮೇತ ಕೀಳಬೇಕು. ಮುಟ್ಟಿದರೆ ಮೈಯೆಲ್ಲ ನವೆ ಅಲ್ವಾ, ನಮ್ಮತ್ತೆ ಕೈಗವಸು ಹಾಕಿಕೊಂಡೇ ಕೀಳುತ್ತಾರೆ.

ಮೆಷಿನ್ ಜೊತೆಗೆ ಕೊಟ್ಟ, ಭುಜಕ್ಕೆ ಹಾಕುವ ಬೆಲ್ಟ್ ಮಾತ್ರ ತೀರಾ ತೆಳು, ಭುಜ ಜಾಸ್ತಿ ನೋಯುತ್ತದೆ. ದಪ್ಪ ಪ್ಯಾಡ್ ಇರುವ ಬೆಲ್ಟ್ ಬೇರೆ ಕೊಳ್ಳಿ.