‘ಕಾರು ವಾಷ್‌ಗೆ ಹೋಗಿದೆ ಅಣ್ಣ, ಕಾಫಿ ಕುಡೀರಿ’ ಅಂದರೆ ಎದ್ದು ಬನ್ನಿ

ಮೂರು ವಾರದಿಂದ ಇದನ್ನು ಯಾರಿಗೂ ಹೇಳಿರಲಿಲ್ಲ. ನಾಚಿಕೆ. ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವನು ನಾನು, ಪೈಪ್ ಕೈಗೆತ್ತಿಕೊಂಡರೆ ಒರಿಜಿನಲ್ಲೋ ಡೂಪ್ಲಿಕೇಟೋ ಹೇಳುತ್ತೇನೆ. ಅಂಥವನಿಗೆ ಬೆಂಗಳೂರಿನ ಒಬ್ಬ ಆಸಾಮಿ ಒಂದು ಲೋಟ ಕಾಫಿ ಕುಡಿಸಿ ಹತ್ತೊಂಬತ್ತೂವರೆ ಲಕ್ಷಕ್ಕೆ ಟೋಪಿ ಹಾಕಿದ. ಹಳೇ ಕಾರು ಮಾರುವ ಆ ಯಾರ್ಡಿನ ಹೆಸರು ಹಾಕುವುದಿಲ್ಲ, ವಕೀಲರು ಬೇಡ ಅಂದಿದ್ದಾರೆ. ಕಾರಿನ ಕಂಪನಿ ಹೆಸರೂ ಬೇಡ. ಜರ್ಮನ್ ಸೆಡಾನ್, ಪೆಟ್ರೋಲ್, ವಿ8 ಅಂದರೆ ವಿ ಆಕಾರದಲ್ಲಿ ಎಂಟು ಸಿಲಿಂಡರ್, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಎರಡು ಟರ್ಬೊ, 11 ವರ್ಷದ್ದು, ಮೂರನೇ ಓನರ್. ಹೊಸದರಲ್ಲಿ ಕೋಟಿ ದಾಟಿದ್ದ ಕಾರು. ಈ ಬೆಲೆಗೆ ಸಿಗುತ್ತೆ ಅಂದಾಗ ನನ್ನ ಭಾವ ಒಂದೇ ಮಾತು ಕೇಳಿದರು, ‘ಯಾಕೆ ಸಿಗುತ್ತೆ ಅಂತ ಕೇಳಿದ್ಯಾ?’ ಕೇಳಿರಲಿಲ್ಲ. ಅವರ ಮೇಲೆಯೇ ಸಿಟ್ಟು ಮಾಡಿಕೊಂಡೆ.

ಹನ್ನೊಂದು ಗಂಟೆಗೆ ಬರುತ್ತೇನೆ ಅಂತ ಹೇಳಿಯೇ ಹೋಗಿದ್ದೆ. ಹೋದರೆ ಕಾರಿಲ್ಲ. ‘ವಾಷ್‌ಗೆ ಹೋಗಿದೆ ಅಣ್ಣ, ಹತ್ತು ನಿಮಿಷ, ಕಾಫಿ ಕುಡೀರಿ.’ ಇಪ್ಪತ್ತು ನಿಮಿಷ ಆಯಿತು. ಕಾರು ಬಂತು, ಫಳಫಳ. ಬಾನೆಟ್ ಮೇಲೆ ಕೈ ಇಟ್ಟೆ, ಬಿಸಿ. ಓಡಿಸಿಕೊಂಡು ಬಂದಿದ್ದಾರೆ, ಬಿಸಿ ಇರಲೇಬೇಕಲ್ವಾ ಅಂದುಕೊಂಡೆ. ಹೆಬ್ಬಾಳದ ಕಡೆ ಒಂದು ರೌಂಡ್, 8 ಕಿ.ಮೀ. ಆ ಸೌಂಡು, ಆ ಎಳೆತ. ಡ್ಯಾಶ್‌ಬೋರ್ಡಿನಲ್ಲಿ ಒಂದು ಲೈಟೂ ಇಲ್ಲ. ವಾಪಸ್ ಬಂದು ಹಣ ಹಾಕಿಬಿಟ್ಟೆ. ‘200 ಪಾಯಿಂಟ್ ಚೆಕ್’ ಅಂತ ಒಂದು ಹಾಳೆ ಕೊಟ್ಟರು, ಇನ್ನೂರಕ್ಕೂ ಟಿಕ್. ಇನ್ನೂರರಲ್ಲಿ ಒಂದೂ ತಪ್ಪಿಲ್ಲದ 11 ವರ್ಷದ ಕಾರು ಎಲ್ಲಾದರೂ ಇರುತ್ತಾ? ಈಗ ಕೇಳಿಕೊಳ್ಳುತ್ತಿದ್ದೇನೆ.

ಅವತ್ತೇ ಊರಿಗೆ ಹೊರಟೆ. ಗೊರಗುಂಟೆಪಾಳ್ಯ ಸಿಗ್ನಲ್ ಗೊತ್ತಲ್ಲ, ಅಲ್ಲಿ ನಿಂತರೆ ನಿಂತ ಹಾಗೆಯೇ. ಎಂಜಿನ್ ಸುಮ್ನೆ ಓಡುತ್ತಾ ನಾಲ್ಕೈದು ನಿಮಿಷ ನಿಂತಿದೆ. ಹಸಿರು ಬಿತ್ತು, ಆಕ್ಸಿಲರೇಟರ್ ಒತ್ತಿದೆ, ಹಿಂದೆ ನೀಲಿ ಹೊಗೆ. ಒಂದು ಮೋಡ. ಪಕ್ಕದ ಆಟೋದವನು ತಲೆ ಹೊರಗೆ ಹಾಕಿ ‘ಸಾರ್, ಸೊಳ್ಳೆಗೆ ಹೊಡೀತಿದೀರಾ?’ ಅಂದ. ನನ್ನ ಹೆಂಡತಿ ನಕ್ಕಳು. ನಾನೂ ನಕ್ಕೆ. ವಾಷ್ ಮಾಡಿದ ನೀರು ಸೈಲೆನ್ಸರ್ ಒಳಗೆ ಹೋಗಿರಬೇಕು ಅಂತ ನಾನೇ ನನಗೆ ಸಮಾಧಾನ ಹೇಳಿಕೊಂಡೆ. ನೀರಾಗಿದ್ದರೆ ಬಿಳಿ ಹೊಗೆ ಬರಬೇಕಿತ್ತು, ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಇಷ್ಟು ನನಗೂ ಗೊತ್ತಿತ್ತು. ಅವತ್ತು ಗೊತ್ತಿರುವುದು ಬೇಕಿರಲಿಲ್ಲ.

ಭಾನುವಾರ ಸಿದ್ಧಗಂಗೆಗೆ ಹೋಗಿ ಪೂಜೆ ಮಾಡಿಸಿ ಬಂದೆವು. ಬೀದಿಯವರೆಲ್ಲ ಬಂದು ನೋಡಿದರು. ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಮುಂದಿನ ಎಡಗಡೆ ಟೈರಿನ ಮೇಲೆ ಕೂತುಬಿಟ್ಟಿದೆ, ಎಮ್ಮೆ ಮಂಡಿಯೂರಿದ ಹಾಗೆ. ಸ್ಟಾರ್ಟ್ ಮಾಡಿದರೆ ಗುರ್ರ್ ಅಂತ ಶಬ್ದ ಮಾಡುತ್ತಾ ನಿಧಾನಕ್ಕೆ ಎದ್ದಿತು. ಸ್ಕ್ರೀನ್ ಮೇಲೆ ಮೆಸೇಜು, ಎಂಜಿನ್ ಆಯಿಲ್ ಕಡಿಮೆ, ಒಂದು ಲೀಟರ್ ಹಾಕಿ. ಅಳತೆ ನೋಡೋಣ ಅಂದರೆ ಈ ಕಾರಿಗೆ ಡಿಪ್‌ಸ್ಟಿಕ್ಕೇ ಇಲ್ಲ. ಕೋಟಿ ರೂಪಾಯಿ ಕಾರಿಗೆ ಒಂದು ಕಡ್ಡಿ ಇಟ್ಟಿಲ್ಲ!

ಮಂಗಳವಾರ ಬೆಂಗಳೂರಿನಲ್ಲಿ ಈ ಥರದ ಕಾರುಗಳನ್ನೇ ನೋಡುವ ಒಂದು ಹೊರಗಿನ ಗ್ಯಾರೇಜಿಗೆ ತಂದೆ. ಮೆಕ್ಯಾನಿಕ್ ಹುಡುಗ ಸ್ಕ್ಯಾನರ್ ಚುಚ್ಚಿದ. ಬಾನೆಟ್ ಕೂಡ ತೆಗೆಯಲಿಲ್ಲ, ಸ್ಕ್ರೀನ್ ನನ್ನ ಕಡೆ ತಿರುಗಿಸಿದ. ‘ಸಾರ್, ಇದರ ಕೋಡ್‌ಗಳನ್ನು ಅಳಿಸಿ 204 ಕಿಲೋಮೀಟರ್ ಆಗಿದೆ.’

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಕಾರಿನ ಕಂಪ್ಯೂಟರ್ ತನ್ನಲ್ಲಿರುವ ದೋಷಗಳನ್ನು ಕೋಡ್ ರೂಪದಲ್ಲಿ ಬರೆದಿಟ್ಟುಕೊಂಡು ವಾರ್ನಿಂಗ್ ಲೈಟ್ ಹಚ್ಚುತ್ತದೆ. ಸ್ಕ್ಯಾನರ್‌ನಿಂದ ಅದನ್ನು ಅಳಿಸಬಹುದು, ಲೈಟ್ ಆರುತ್ತದೆ. ಆದರೆ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಅನ್ನುವ ಲೆಕ್ಕ ಕಂಪ್ಯೂಟರ್ ಇಟ್ಟುಕೊಂಡಿರುತ್ತದೆ. ಡೆಲಿವರಿ ಕಾಗದ ತೆಗೆದೆ, 61,412. ಮೀಟರ್ ನೋಡಿದೆ, 61,608. ನಾನು ಓಡಿಸಿದ್ದು 196. ಉಳಿದದ್ದು 8.

8 ಕಿ.ಮೀ. ನನ್ನ ಟೆಸ್ಟ್ ಡ್ರೈವ್! ಅಂದರೆ ನಾನು ಒಳಗೆ ಕಾಫಿ ಕುಡಿಯುತ್ತಾ ಕೂತಿದ್ದಾಗ ಅವರು ಹೊರಗೆ ಕೋಡ್ ಅಳಿಸುತ್ತಿದ್ದರು. ಎಂಜಿನ್ ಬಿಸಿ ಮಾಡಿದ್ದೂ ಅದಕ್ಕೇ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಅಲ್ಲೇ ಹೊಗೆ ಕಾಣುತ್ತಿತ್ತಲ್ಲ. ಆ ಕಾಫಿಗೆ ನಾನು ಥ್ಯಾಂಕ್ಸ್ ಬೇರೆ ಹೇಳಿದ್ದೆ. ಗ್ಯಾರೇಜಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅದೊಂದನ್ನೇ ಯೋಚಿಸುತ್ತಿದ್ದೆ, ಥ್ಯಾಂಕ್ಸ್ ಬೇರೆ ಹೇಳಿದ್ದೆ.

ಎಸ್ಟಿಮೇಟ್ ಕೇಳಿ. ಈ ಎಂಜಿನ್‌ನಲ್ಲಿ ಟರ್ಬೊಗಳು ವಿ ಆಕಾರದ ನಡುವೆಯೇ ಕೂತಿವೆ, ಆ ಕಾವಿಗೆ ವಾಲ್ವ್ ಸೀಲ್‌ಗಳ ರಬ್ಬರ್ ಗಟ್ಟಿಯಾಗಿ ಆಯಿಲ್ ಒಳಗೆ ಇಳಿಯುತ್ತದೆ. ಸೀಲ್‌ಗೆ ದುಡ್ಡು ಜಾಸ್ತಿ ಇಲ್ಲ, ಅಲ್ಲಿಗೆ ಕೈ ಹೋಗಬೇಕಾದರೆ ಅರ್ಧ ಎಂಜಿನ್ ಬಿಚ್ಚಬೇಕು, 3 ಲಕ್ಷ 40 ಸಾವಿರ. ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲದ ಮೇಲೆ ಕಾರನ್ನು ಹೊರುವ ಏರ್ ಸಸ್ಪೆನ್ಷನ್, ಮುಂದಿನ ಎರಡು, ಅದೂ ಒರಿಜಿನಲ್ ಅಲ್ಲ, 1 ಲಕ್ಷ 90 ಸಾವಿರ. ಗಾಳಿ ಸೋರಿದ್ದನ್ನು ತುಂಬಿ ತುಂಬಿ ಸುಸ್ತಾದ ಕಂಪ್ರೆಸರ್ 65 ಸಾವಿರ, ಕೂಲಂಟ್ ಪಂಪು ಮತ್ತು ಪುಡಿಯಾಗುತ್ತಿರುವ ಪ್ಲಾಸ್ಟಿಕ್ ಪೈಪುಗಳು 48 ಸಾವಿರ, ಮುಂದಿನ ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್ 1 ಲಕ್ಷ 10 ಸಾವಿರ. ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್, ಮುಟ್ಟೋದೇ ಬೇಡ ಅಂತ ಆಸಾಮಿ ಹೇಳಿದ್ದ, ಗೇರ್‌ಬಾಕ್ಸ್ ತಯಾರಿಸಿದ ಕಂಪನಿಯೇ 8 ವರ್ಷಕ್ಕೆ ಆಯಿಲ್ ಬದಲಿಸಿ ಅನ್ನುತ್ತದಂತೆ. ಫಿಲ್ಟರ್ ಪ್ಯಾನ್‌ನೊಳಗೇ ಸೇರಿಕೊಂಡಿರುವುದರಿಂದ ಪ್ಯಾನ್ ಸಮೇತ ಹೋಗಬೇಕು, 55 ಸಾವಿರ. ಒಟ್ಟು 8 ಲಕ್ಷ 8 ಸಾವಿರ, ಜಿಎಸ್‌ಟಿ ಬೇರೆ. ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ಕೇಳಿದೆ, 14 ಲಕ್ಷ ಅಂದರು, ನೀರು ಕುಡಿದು ಎದ್ದು ಬಂದೆ. ಕಾರು ಹತ್ತೊಂಬತ್ತಕ್ಕೆ ಇಳಿದಿದ್ದರೂ ಅದರ ಪಾರ್ಟ್ಸಿಗೆ ಅದು ಗೊತ್ತಿಲ್ಲ, ಅವು ಇನ್ನೂ ಕೋಟಿ ರೂಪಾಯಿ ಕಾರಿನ ಪಾರ್ಟ್ಸೇ.

ಈಗ ಆಸಾಮಿಯ ಉತ್ತರಗಳು. ಹಣ ಹಾಕುವವರೆಗೆ ನಾನು ‘ಅಣ್ಣ’. ಮಂಗಳವಾರ ಮಧ್ಯಾಹ್ನ ‘ಸಾರ್’ ಆದೆ. ‘ಪರ್ಫಾರ್ಮೆನ್ಸ್ ಕಾರು ಸಾರ್, ಆಯಿಲ್ ಕುಡಿಯುತ್ತೆ, ನಾರ್ಮಲ್.’ ಹೊಗೆಯ ವಿಡಿಯೋ ಕಳಿಸಿದೆ. ‘ಚಳಿಗೆ ಸಾರ್.’ ತುಮಕೂರಿನಲ್ಲಿ ಏಪ್ರಿಲ್ ತಿಂಗಳಲ್ಲಿ ಚಳಿ! 204ರ ಫೋಟೋ ಕಳಿಸಿದೆ. ಎರಡು ನೀಲಿ ಟಿಕ್ ಬಿತ್ತು, ಎರಡು ದಿನ ಉತ್ತರ ಇಲ್ಲ. ಆಮೇಲೆ ಒಂದು ವಾಯ್ಸ್ ಮೆಸೇಜ್, ‘ನೋಡಿ ಸ್ವಾಮಿ, ನೀವು ಹೇಗೆ ಓಡಿಸಿದ್ರೋ ನಮಗೇನು ಗೊತ್ತು? ಇದ್ದ ಹಾಗೇ ತಗೊಂಡೆ ಅಂತ ಸೈನ್ ಮಾಡಿದೀರಲ್ಲ.’ ಅಣ್ಣ, ಸಾರ್, ಸ್ವಾಮಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು.

2023ರ ಏಪ್ರಿಲ್ 1ರಿಂದ ಹಳೇ ಗಾಡಿ ಮಾರುವ ಡೀಲರ್‌ಗಳು ಆರ್‌ಟಿಓದಿಂದ ಅಧಿಕಾರ ಪತ್ರ ಪಡೆದಿರಬೇಕು ಅಂತ ನಿಯಮ ಇದೆ. ವಕೀಲರು ಹೇಳಿದ ಮೇಲೆ ಗೊತ್ತಾಯಿತು. ಅದನ್ನು ಕೇಳಿದ್ದಕ್ಕೆ ‘ನಾವು ಡೀಲರ್ ಅಲ್ಲ, ಸುಮ್ನೆ ಮಧ್ಯದಲ್ಲಿ ನಿಂತು ಕೊಡಿಸಿದ್ದು’ ಅಂದ. ಬಾಗಿಲ ಮೇಲೆ ಅಷ್ಟು ದೊಡ್ಡ ಬೋರ್ಡ್ ಇದೆ! ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹಾಕಲು ಕಾಗದ ರೆಡಿಯಾಗುತ್ತಿದೆ, ಕೊಟ್ಟ ಹಣ 50 ಲಕ್ಷದ ಒಳಗಿದ್ದರೆ ಅಲ್ಲೇ ಹಾಕಬಹುದು.

ಹೋಗುವವರು ಹೇಳದೆ ಹೋಗಿ. ಎಂಜಿನ್ ತಣ್ಣಗಿರಬೇಕು, ಬಿಸಿ ಇದ್ದರೆ ನಾಳೆ ಬರುತ್ತೇನೆ ಅನ್ನಿ. ಐದು ನಿಮಿಷ ನಿಂತಲ್ಲೇ ಓಡಲು ಬಿಟ್ಟು ಆಮೇಲೆ ಆಕ್ಸಿಲರೇಟರ್ ಒತ್ತಿ, ಹಿಂದೆ ಒಬ್ಬರನ್ನು ನಿಲ್ಲಿಸಿ. ಒಂದು ರಾತ್ರಿ ನಿಂತ ಕಾರು ಯಾವ ಕಡೆ ಕೂತಿದೆ ನೋಡಿ. ಸ್ಕ್ಯಾನರ್ ಇರುವ ನಿಮ್ಮದೇ ಮೆಕ್ಯಾನಿಕ್ ಕರೆದುಕೊಂಡು ಹೋಗಿ, ಅವರ ಮೆಕ್ಯಾನಿಕ್ ಅಲ್ಲ. ಅವರ ಕಾಫಿ ಕುಡಿಯಬೇಡಿ.

ಕಾರು ಈಗ ಗೋಡೌನಿನಲ್ಲಿದೆ, ಸಿಮೆಂಟ್ ಮೂಟೆಗಳ ಪಕ್ಕ, ಎಡಗಡೆ ಕೂತುಕೊಂಡೇ. ಭಾವ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಉರಿಯುತ್ತೆ. ನಿನ್ನೆ ಆಸಾಮಿಯ ಸ್ಟೇಟಸ್‌ನಲ್ಲಿ ಇನ್ನೊಂದು ಬಂದಿದೆ, ಬೆಳ್ಳಿ ಬಣ್ಣ, ಇದೇ ಎಂಜಿನ್, ‘ಡಾಕ್ಟರ್ ಓಡಿಸಿದ ಕಾರು’. ಅದನ್ನು ನೋಡಲು ಹೋಗುವವರು ಯಾರಾದರೂ ಇದ್ದರೆ ಮೆಸೇಜ್ ಹಾಕಿ. ಒಂದೂವರೆ ಸಾವಿರ ಕೊಟ್ಟು ಒಂದು ಸ್ಕ್ಯಾನರ್ ತಗೊಂಡಿದ್ದೇನೆ, ನಾನೇ ಬರುತ್ತೇನೆ.